ದೊರೆಯ ಲ್ಯಾಮಿನೇಷನ್ನು

ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತ ನಮ್ಮಲ್ಲಿ ಒಂದು ಮಾತಿದೆ. ಅದನ್ನು ಯಾರೋ ನನ್ನನ್ನು ನೋಡಿಯೇ ಕಟ್ಟಿರಬೇಕು ಎಂದು ನನಗೆ ಬಹಳ ದಿನಗಳಿಂದ ಅನುಮಾನ. ಬೇಡ ಅನ್ನಲಾರದೆ ಒಂದೇ ಮಧ್ಯಾಹ್ನ ಎರಡು ಮನೆಗಳಲ್ಲಿ ಬಿಸಿಬೇಳೆಬಾತು ಉಂಡವಳು ನಾನು. ಕೂದಲು ಕತ್ತರಿಸಿದವಳು ಹಿಂದೆ ಕನ್ನಡಿ ಹಿಡಿದು ಹೇಗಿದೆ ಎಂದು ಕೇಳಿದಾಗ, ಒಳಗೊಳಗೇ ಅಳುತ್ತ 'ಲವ್ಲಿ' ಎಂದು ಟಿಪ್ಸು ಕೊಟ್ಟು ಬಂದು, ಮೂರು ವಾರ ತಲೆಗೆ ಸ್ಕಾರ್ಫು ಸುತ್ತಿಕೊಂಡು ಆಫೀಸಿಗೆ ಹೋದವಳು. ಇನ್ನು ಹಿರಿಯರ ಮುಂದಂತೂ ನನ್ನ ನಾಲಿಗೆಗೆ 'ಚೆನ್ನಾಗಿದೆ' ಎನ್ನುವ ಒಂದೇ ಪದ ಬರುವುದು. ಇದರಿಂದ ಏನೇನೋ ಕಳೆದುಕೊಂಡಿದ್ದೇನೆ, ಮರೆತೂ ಇದ್ದೇನೆ. ದೊರೆಯ ವಿಷಯ ಮಾತ್ರ ಮರೆಯಲಾಗಿಲ್ಲ.

ದೊರೆ ಎಂದರೆ ಒಬ್ಬ ಬೇಸ್‌ಬಾಲ್ ಆಟಗಾರ. ಅವನ ನಿಜವಾದ ಹೆಸರು ಬೇಡ. ಇದು ನಮ್ಮ ಮನೆಯಲ್ಲಿ ಇಟ್ಟ ಹೆಸರು. ಡಾಟ್-ಕಾಮ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ. ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನವರು ಒಂದು ಮಧ್ಯಾಹ್ನ ಎಲ್ಲರನ್ನೂ ಆಟ ನೋಡಲು ಕರೆದುಕೊಂಡು ಹೋದರು. ಕ್ರಿಕೆಟ್ಟಿನ ಊರಿನಿಂದ ಬಂದ ನನಗೆ ಅದು ಚಿನ್ನಿದಾಂಡಿಗೆ ಸಂಬಳ ಕೊಟ್ಟ ಹಾಗೆ ಕಂಡಿತು. ಆಕಳಿಸುತ್ತ ಕೂತಿದ್ದೆ. ಅಷ್ಟರಲ್ಲಿ ಅಂಪೈರು ಈ ಮನುಷ್ಯನನ್ನು ಔಟ್ ಎಂದ ನೋಡಿ, ಅಬ್ಬಬ್ಬಾ! ಟೋಪಿ ತೆಗೆದು ನೆಲಕ್ಕೆ ಬಡಿದ. ಅಂಪೈರಿನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತ. ಒಂದಕ್ಕೆ ಎರಡು ಕೊಟ್ಟ. ಮ್ಯಾನೇಜರಿಗೆ ಹೇಳಬೇಕೆಂದು ನಾನು ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತನ್ನೆಲ್ಲ ಅವನು ಅಂಪೈರಿಗೆ ಹೇಳುತ್ತಿದ್ದಾನೆ ಅನ್ನಿಸಿತು. ಪಕ್ಕದಲ್ಲೇ ಕೂತಿದ್ದ ಮ್ಯಾನೇಜರಿಗೆ 'ಗುಡ್ ಗೇಮ್' ಎಂದೆ. ಅವತ್ತಿನಿಂದ ಅವನೇ ನನ್ನ ದೊರೆ.

ನಾವಿದ್ದ ಕ್ಯಾಂಪ್‌ಬೆಲ್ಲಿನ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪುಟ್ಟ ಅಂಗಡಿ ಇತ್ತು. ಅಲ್ಲಿ ಆಟಗಾರರ ಚಿತ್ರವಿರುವ ಕಾರ್ಡು ಮಾರುತ್ತಿದ್ದರು. ಒಳ್ಳೆಯವೆಲ್ಲ ಗಾಜಿನ ಪೆಟ್ಟಿಗೆಯಲ್ಲಿ, ನನ್ನಂಥವರಿಗೆ ಎಟುಕುವಂಥವು ಕೌಂಟರಿನ ಕೆಳಗಿನ ಶೂ ಡಬ್ಬದಲ್ಲಿ. ಶನಿವಾರವಾದರೆ ನಾನು ಆ ಡಬ್ಬದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೊಪ್ಪು ಆರಿಸುವ ಹಾಗೆ ದೊರೆಯ ಕಾರ್ಡುಗಳನ್ನು ಆರಿಸುತ್ತಿದ್ದೆ. 'ಅಲ್ಲ ಪದ್ಮಾ, ರಟ್ಟಿನ ಚೂರಿಗೆ ದುಡ್ಡು ಹಾಕ್ತೀಯಲ್ಲೇ' ಎಂದು ನನ್ನ ಗಂಡ ಗಿರೀಶ ನಗುತ್ತಿದ್ದ. ಅವನ ಬೀರುವಿನಲ್ಲಿ ಆಗ, ಮುಂದೆ ಷೇರು ಕೊಡುತ್ತೇವೆಂದು ಅವನ ಡಾಟ್-ಕಾಮ್ ಕಂಪನಿ ಬರೆದುಕೊಟ್ಟ ಸ್ಟಾಕ್ ಆಪ್ಷನ್ನಿನ ಕಾಗದಗಳಿದ್ದವು. ಅವು ಆಮೇಲೆ ಏನಾದವು ಎಂದು ನಾನು ಕೇಳಿಲ್ಲ. ದಾಕ್ಷಿಣ್ಯ.

ನನ್ನಲ್ಲಿ ಇಲ್ಲದಿದ್ದುದು ದೊರೆಯ ರೂಕಿ ಕಾರ್ಡು ಒಂದೇ. ಅಂದರೆ ಅವನು ಆಟಕ್ಕೆ ಇಳಿದ ಮೊದಲ ವರ್ಷದ ಕಾರ್ಡು. ಅದರಲ್ಲಿ ಅವನು ಬಾಯಿ ಇಷ್ಟಗಲ ತೆರೆದು ಯಾರಿಗೋ ಎದುರಾಡುತ್ತಿದ್ದಾನೆ. ಆ ಚಿತ್ರ ನೋಡಿದರೇ ನನಗೆ ಧೈರ್ಯ ಬರುತ್ತಿತ್ತು. ಯಾವುದೋ ಮಗು ಗೋಡೆಗೆ ಚುಚ್ಚಿ, ತಲೆಯ ಮೇಲೊಂದು ಪಿನ್ನಿನ ತೂತು ಬಿದ್ದಿದ್ದರಿಂದ ಬೆಲೆ ಇಳಿದಿತ್ತು. ಆದರೂ ನನ್ನ ಕೈಗೆ ಎಟುಕುವಷ್ಟಲ್ಲ. ಅಂಗಡಿಯ ಮುದುಕ ಕನಿಕರಪಟ್ಟು ಒಂದು ದಾರಿ ತೋರಿಸಿದ: ನನ್ನ ಬಳಿ ಎರಡೆರಡು ಇರುವ ಕಾರ್ಡುಗಳನ್ನೆಲ್ಲ ಶನಿವಾರ ತಂದುಕೊಟ್ಟರೆ ಅದನ್ನು ಕೊಡುತ್ತಾನಂತೆ. ಮೂಲೆ ಮಡಿಚಿರಬಾರದು, ಅಷ್ಟೇ.

ಆ ಹೊತ್ತಿಗೆ ಹಾಸನದಿಂದ ಮಾವ ಬಂದಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ದೇವರಲ್ಲಿ ಅವರಿಗೆ ಅಷ್ಟಕ್ಕಷ್ಟೇ. ಲ್ಯಾಮಿನೇಷನ್ನಿನಲ್ಲಿ ಅಪಾರ ನಂಬಿಕೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ನಮ್ಮ ಮದುವೆಯ ಲಗ್ನಪತ್ರಿಕೆ, ಕಡೆಗೆ ಬೆಂಗಳೂರು ಬಸ್ಸಿನ ವೇಳಾಪಟ್ಟಿಯನ್ನೂ ಪ್ಲಾಸ್ಟಿಕ್ಕಿನೊಳಗೆ ಅಮರಗೊಳಿಸಿದ್ದರು. ಬಸ್ಸಿನ ವೇಳೆ ಬದಲಾಗಿತ್ತು, ಪಟ್ಟಿ ಬದಲಾಗಲಿಲ್ಲ. ಗುರುವಾರ ಸಂಜೆ ನಾನು ಕಾರ್ಡು ಹರವಿಕೊಂಡು ಕೂತಿದ್ದಾಗ ಅವರು ಬಗ್ಗಿ ನೋಡಿ, 'ಭಾಳ ಬೆಲೆಯವೇನಮ್ಮ?' ಎಂದರು.

'ನನಗೆ ಬೆಲೆಯವೇ ಮಾವ. ಒಂದು ಮೂಲೆ ಮಡಿಚಿದ್ರೂ ಮುಗೀತು.'

'ಮತ್ತೆ ಹಿಂಗೆ ಬರೀ ಮೈಯಲ್ಲಿ ಬಿಟ್ಟಿದ್ದೀಯಲ್ಲ?'

ಅಷ್ಟಕ್ಕೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಶುಕ್ರವಾರ ಫ್ರೀವೇ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದಾಗ, ಊಟದ ಮೇಜಿನ ಮೇಲೆ ನನ್ನ ಅಷ್ಟೂ ಕಾರ್ಡುಗಳು ಟ್ಯೂಬ್‌ಲೈಟಿಗೆ ಫಳಫಳ ಹೊಳೆಯುತ್ತಿದ್ದವು. ಮಾವ ಬೆಳಿಗ್ಗೆಯೇ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ನಡೆದುಹೋಗಿ, ಎದುರಿಗೆ ನಿಂತು, ಒಂದೊಂದನ್ನೂ ಲ್ಯಾಮಿನೇಟ್ ಮಾಡಿಸಿದ್ದರು. ಸಾಲದ್ದಕ್ಕೆ, ಪ್ರತಿ ಕಾರ್ಡಿನ ಹಿಂದೆ ಒಂದು ಚೀಟಿಯನ್ನೂ ಸೇರಿಸಿ ಮುಚ್ಚಿಸಿದ್ದರು. ಅದರಲ್ಲಿ ಅವರ ಮುತ್ತಿನಂಥ ಅಕ್ಷರ: 'ಇದು ಚಿ. ಸೌ. ಪದ್ಮಾಳ ಸ್ವತ್ತು. ಸಿಕ್ಕಿದವರು ದಯಮಾಡಿ ತಲುಪಿಸುವುದು.' ಕ್ಯಾಂಪ್‌ಬೆಲ್ಲಿನಲ್ಲಿ ಕಳೆದುಹೋದ ಕಾರ್ಡು ಕನ್ನಡ ಓದಬಲ್ಲವರಿಗೇ ಸಿಗುತ್ತದೆ ಎಂಬ ಭರವಸೆ ಅವರಿಗೆ. ಒಮ್ಮೆ ಬಿಸಿ ಪ್ಲಾಸ್ಟಿಕ್ಕು ಅಂಟಿತೋ, ಆ ಕಾರ್ಡು ಸಂಗ್ರಹಿಸುವವರ ಪಾಲಿಗೆ ಸತ್ತ ಹಾಗೆಯೇ. ನನಗೆ ನಿಜವಾಗಿ ಅಳು ಬಂತು. ಮಾವ ಕನ್ನಡಕ ಒರೆಸಿಕೊಂಡು, 'ಇನ್ನು ನೂರು ವರ್ಷ ಏನೂ ಆಗಲ್ಲ. ಹೆಂಗಿದೆ?' ಎಂದರು.

'ತುಂಬಾ ಚೆನ್ನಾಗಿದೆ ಮಾವ' ಎಂದೆ.

ಆಮೇಲೆ ಅಡುಗೆಮನೆಯಲ್ಲಿ ಪಿಸುಪಿಸು ಜಗಳ. 'ನಿಮ್ಮಪ್ಪ ಅಲ್ವಾ, ನೀನೇ ಹೇಳು' ಎಂದು ನಾನು. 'ನಿನ್ನ ಕಾರ್ಡಲ್ವಾ, ನೀನೇ ಹೇಳು' ಎಂದು ಗಿರೀಶ. ಯಾರೂ ಹೇಳಲಿಲ್ಲ. ಮರುದಿನ ಮಾವ ತಾವೂ ಅಂಗಡಿಗೆ ಹೊರಟು ನಿಂತರು. ಅಲ್ಲಿ ಮುದುಕ ಒಂದು ಕಾರ್ಡನ್ನು ಎತ್ತಿ ಮುಂದೆ ನೋಡಿದ, ಹಿಂದೆ ನೋಡಿದ, ಬೆರಳಿನಿಂದ ಟಕಟಕ ಬಡಿದ. ಮಾವನ ಬೆನ್ನ ಹಿಂದೆ ನಿಂತು ನಾನು ಕೈ ಮುಗಿದೆ. ಪುಣ್ಯಾತ್ಮನಿಗೆ ಅರ್ಥವಾಯಿತು. ಈ ಅಂಗಡಿಯಲ್ಲಿ ಇಂಥದ್ದನ್ನು ತಾನು ಯಾವತ್ತೂ ನೋಡಿಲ್ಲ ಎಂದ. ಮಾವ ಅಚ್ಚ ಇಂಗ್ಲಿಷಿನಲ್ಲಿ 'ಥ್ಯಾಂಕ್ಯೂ ಸರ್' ಎಂದು ಎದೆ ಸೆಟೆಸಿದರು. ರೂಕಿ ಕಾರ್ಡು ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು.

ನಾನೂ ಬಿಡಲಿಲ್ಲ. ನಾಲ್ಕು ತಿಂಗಳು ಆಫೀಸಿನಲ್ಲಿ ಹೊರಗಿನ ಊಟ ಬಿಟ್ಟು, ಮೊಸರನ್ನದ ಡಬ್ಬಿ ಒಯ್ದು, ಕೊನೆಗೂ ದೊರೆಯನ್ನು ಬಿಡಿಸಿ ತಂದೆ. ತಂದ ಮೇಲೆ ಮಾವನಿಂದ ಬಚ್ಚಿಡುವ ಚಿಂತೆ. ಮೊದಲು ಓವನ್ನು ನೆನಪಾಯಿತು. ನಮ್ಮವರ ಮನೆಗಳಲ್ಲಿ ಓವನ್ನು ಎಂದರೆ ಬಾಣಲೆ ಇಡುವ ಕಪಾಟು ತಾನೇ. ಆದರೆ ಎಣ್ಣೆಯ ಜಿಡ್ಡಿನ ಭಯ. ಬಹಳ ಯೋಚಿಸಿ, ಗಿರೀಶ ಯಾವತ್ತೂ ಮುಟ್ಟದ, ಕಾರ್ಡನ್ನು ಮಟ್ಟಸವಾಗಿ ಒತ್ತಿ ಹಿಡಿಯುವ ದಪ್ಪ ಇಂಗ್ಲಿಷ್ ನಿಘಂಟಿನೊಳಗೆ ಇಟ್ಟೆ. ದಿನವಿಡೀ ಪದಬಂಧ ಬಿಡಿಸುವ ಇಂಗ್ಲಿಷ್ ಮೇಷ್ಟ್ರು ಇರುವ ಮನೆಯಲ್ಲಿ! ನನ್ನ ಬುದ್ಧಿಗೆ ಏನು ಹೇಳಲಿ.

ಮಾವ ಊರಿಗೆ ಹೊರಡುವ ದಿನ ಏರ್‌ಪೋರ್ಟಿನಲ್ಲಿ ಕಾಲಿಗೆ ನಮಸ್ಕರಿಸಿ ಎದ್ದೆ. ಅವರು ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದರು.

'ನಿಘಂಟಿನಲ್ಲಿ ಸಿಕ್ತು ಕಣಮ್ಮ. ಅವತ್ತು ಇದೊಂದು ಬಿಟ್ಟುಹೋಗಿತ್ತು ಅಂತ ಕಾಣ್ತದೆ. ತಲೆ ಮೇಲೆ ತೂತು ಬೇರೆ ಬಿದ್ದಿತ್ತು, ಅಂಟು ಹಾಕಿ ಮುಚ್ಚಿದೀನಿ. ಅವತ್ತು ನೀನು ಪಟ್ಟ ಸಂತೋಷ ನೋಡಿದ್ನಲ್ಲ, ಇದನ್ಯಾಕೆ ಹಂಗೇ ಬಿಡೋದು ಅಂತ. ಹೆಂಗಿದೆ?'

ಪ್ಲಾಸ್ಟಿಕ್ಕು ಇನ್ನೂ ಹೊಸದಾಗಿ ಮಿಂಚುತ್ತಿತ್ತು. ಹಿಂದೆ ಅದೇ ಮುತ್ತಿನಂಥ ಅಕ್ಷರ, ಅದೇ ಚಿ. ಸೌ. ಪದ್ಮಾ. ಇವತ್ತಾದರೂ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಮಾವನ ಕಣ್ಣಲ್ಲಿ ನೀರಿತ್ತು.

'ತುಂಬಾ ಚೆನ್ನಾಗಿದೆ ಮಾವ.'

ಕಾರ್ಡಿನೊಳಗೆ ದೊರೆ ಬಾಯಿ ತೆರೆದುಕೊಂಡೇ ಇದ್ದ. ನಾನು ಮುಚ್ಚಿಕೊಂಡೆ.