ಗುಂಡಾಪುರದ ಮೂರು ಚುಕ್ಕೆ

ರಗಳೆ ಶುರುವಾಗಿದ್ದು ಹೆಸರಿನ ಉದ್ದದಿಂದ. ಸಾಸಲು ಹೋಬಳಿಯ ಗುಂಡಾಪುರದ ಹಾಲಿನ ಡೇರಿಗೆ ಐವತ್ತು ವರ್ಷ ತುಂಬಿತ್ತು. ಆ ನೆಪದಲ್ಲಿ, ಮನೆಯಿಂದಲೇ ದೇಶವಿದೇಶದವರನ್ನು ಸಂಪರ್ಕಿಸುವ ಹ್ಯಾಮ್ ರೇಡಿಯೊ ಹುಚ್ಚಿನ, ಅದೇ ಊರಿನ ಗೋವಿಂದರಾಜು ಒಂದು ವಿಶೇಷ ಕಾಲ್‌ಸೈನ್‌ಗೆ ಅರ್ಜಿ ಹಾಕಲು ಹೊರಟ. ರೇಡಿಯೊದವರಿಗೆ ಕಾಲ್‌ಸೈನ್ ಅಂದರೆ ಹೆಸರು, ವಿಳಾಸ, ಮರ್ಯಾದೆ ಎಲ್ಲಾ. ಅದು ಗಿಡ್ಡವಾಗಿದ್ದಷ್ಟೂ ಒಳ್ಳೆಯದು.

“ಊರಿಗೆ ಒಂದೇ ಅಕ್ಷರ ಸಾಕಣ್ಣ,” ಅಂದ.

ಡೇರಿ ಅಧ್ಯಕ್ಷ ಆದಿನಾರಾಯಣಪ್ಪನವರಿಗೆ ಮೈ ಉರಿಯಿತು. ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಎರಡನೇ ಸಾಲಿಗೆ ಇಳಿದದ್ದಕ್ಕೆ ಊಟದೆಲೆ ಬಿಟ್ಟು ಎದ್ದು ಬಂದ ಮನುಷ್ಯ ಅವರು.

“ಊರಿನ ಹೆಸ್ರು ಪೂರ್ತಿ ಇರ್ಬೇಕು ಕಣಪ್ಪಾ. ಮೋಟು ಹೆಸ್ರಿಗೆ ನಮ್ ಡೇರಿ ಮೇಲೆ ಜಾಗ ಇಲ್ಲ.”

ಗೋವಿಂದರಾಜುವಿಗೆ ಬೇಕಿದ್ದದ್ದೇ ಜಾಗ. ದೊಡ್ಡಬಳ್ಳಾಪುರದಲ್ಲಿ ಅವನ ಬಾಡಿಗೆ ಮನೆ ಮಾಲೀಕರು, ಸಿಡಿಲು ಬಡಿಯುತ್ತದೆ ಅಂತ ಆಂಟೆನಾ ಕಿತ್ತು ಹಾಕಿಸಿದ್ದರು. ತಂತಿ ಎಳೆಯಲು ಡೇರಿಯ ತಾರಸಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಪರದೇಶದವನೊಬ್ಬ ಊರಿನ ಹೆಸರು ನೋಡಿದರೆ ತಂತಿ ಡೇರಿ ಮೇಲೆ ಖಾಯಂ, ಇಲ್ಲದಿದ್ದರೆ ಸಂಜೆಗೇ ಇಳಿಸಬೇಕು ಅಂತ ಮಾತಾಯಿತು. ಹಾಗಾಗಿ ಅವನು ಮುಂದೆ ದೇಶದ ಗುರುತು ಸೇರಿಸಿ ‘ಎಯು ಟು ಗುಂಡಾಪುರ್’ ಅಂತಲೇ ಸರ್ಕಾರದಿಂದ ಮಂಜೂರು ಮಾಡಿಸಿಕೊಂಡು ಬಂದ.

ಭಾನುವಾರ ಬೆಳಿಗ್ಗೆ ತಾರಸಿ ಮೇಲೆ ತಂತಿ ಎಳೆದು, ಡೇರಿಯೊಳಗೆ ರೇಡಿಯೊ, ಲ್ಯಾಪ್‌ಟಾಪ್ ಇಟ್ಟು ಕರೆಯತೊಡಗಿದ. ಯಾರೂ ಓಗೊಡಲಿಲ್ಲ. ಇಷ್ಟುದ್ದದ ಹೆಸರು ಕಂಡರೆ ಎಷ್ಟೋ ಜನ ನಕಲಿ ಅಂದುಕೊಂಡು ಮುಂದೆ ಹೋಗುತ್ತಾರೆ. ಅದನ್ನು ಅಧ್ಯಕ್ಷರಿಗೆ ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

“ಬಾಯ್ಬಿಟ್ಟು ಕೂಗ್ಬಾರ್ದೇನ್ಲಾ?” ಹಾಲು ಹಾಕಲು ಬಂದ ಪಿಳ್ಳಮ್ಮ ಕೇಳಿದಳು.

“ಇದ್ರಲ್ಲಿ ಕೂಗಂಗಿಲ್ಲ ಚಿಕ್ಕಮ್ಮ. ಈ ಕಂಪ್ಯೂಟರ್ ಸಿಳ್ಳೆ ಹಾಕತ್ತೆ, ಆ ಕಡೆ ಕಂಪ್ಯೂಟರ್ ಓದ್ಕೊಳ್ಳತ್ತೆ.”

“ಮತ್ತೆ ನೀನ್ಯಾಕಿದ್ದೀಯ ಇಲ್ಲಿ?”

ಗೋವಿಂದರಾಜು ರೇಡಿಯೊ ಕಡೆ ತಿರುಗಿದ. ಹಾಲಿನ ಕೂಲರ್‌ನ ಮೋಟಾರು ರೇಡಿಯೊದಲ್ಲಿ ಗೊರಗೊರ ಅನ್ನುತ್ತಿತ್ತು. “ಹತ್ತೇ ನಿಮಿಷ ಆಫ್ ಮಾಡು ಗುರು,” ಅಂತ ಡೇರಿ ಕಾರ್ಯದರ್ಶಿ ಸುನಿಲ್‌ಕುಮಾರನಿಗೆ ಕೈಮುಗಿದ. ಸುನಿಲ್‌ಕುಮಾರ ಸ್ವಿಚ್ ಆರಿಸಿ, ತಾನೂ ಬಂದು ತೆರೆಯ ಮುಂದೆ ಕೂತ. ಬಿಸಿಲೇರುವ ಹೊತ್ತಿಗೆ ಜಪಾನಿನವನೊಬ್ಬ ಉತ್ತರ ಕೊಟ್ಟ!

ಊರೇ ಒಳಗೆ ನುಗ್ಗಿತು. ಅಧ್ಯಕ್ಷರು ಮಾತ್ರ ನಗಲಿಲ್ಲ. “ನಿನ್ ಕಂಪ್ಯೂಟ್ರಲ್ಲಿ ನಿಂಗೆ ಬೇಕಾದ್ದು ಬರತ್ತೆ. ಬೇರೆಯವ್ರತ್ರ ಹೆಂಗೆ ಕಾಣ್ತದೆ, ತೋರ್ಸು.”

ಹೊಸಕೋಟೆಯಲ್ಲಿ ಮನೋಹರ್ ಅಂತ ಇನ್ನೊಬ್ಬ ಹ್ಯಾಮ್ ಇದ್ದ. ಗೋವಿಂದರಾಜು ಫೋನ್ ಮಾಡಿ ಕೇಳಿದ್ದಕ್ಕೆ, ಆಗಷ್ಟೇ ರೇಡಿಯೊ ಹಚ್ಚಿದ್ದ ಅವನು ತನ್ನ ತೆರೆಯ ಚಿತ್ರವನ್ನು ಮೊಬೈಲಿಗೆ ಕಳಿಸಿದ. ಜಪಾನಿನವನ ಹೆಸರು ಪೂರ್ತಿ ಇತ್ತು. ಗುಂಡಾಪುರದ ಜಾಗದಲ್ಲಿ ಮೂರು ಚುಕ್ಕೆ.

“ನಮ್ಮೂರು ಎಲ್ಲೋಯ್ತೋ?” ಅಧ್ಯಕ್ಷರು ಗದರಿದರು.

“ಉದ್ದದ ಹೆಸ್ರಿಗೆ ಜಾಗ ಸಾಲಲ್ಲಣ್ಣ. ಕರೆಯುವಾಗ ಪೂರ್ತಿ ಹೋಗತ್ತೆ, ಆಮೇಲೆ ಹೆಸ್ರಿನ ಬದ್ಲು ಬರೀ ಒಂದು ಗುರುತು ಹೋಗತ್ತೆ. ಮೊದ್ಲು ಪೂರ್ತಿ ಹೆಸ್ರು ಕೇಳಿಸ್ಕೊಳ್ದೆ ಇದ್ದೋರಿಗೆ ಚುಕ್ಕೆ ಕಾಣತ್ತೆ. ಅದಕ್ಕೇ ಚಿಕ್ಕದಿರ್ಲಿ ಅಂದಿದ್ದು.”

“ಐವತ್ತು ವರ್ಷ ಹಾಲು ಕರ್ದು ಚುಕ್ಕೆ ಆಗ್ಬೇಕೇನಯ್ಯ ನಾವು?”

ಗೋವಿಂದರಾಜು ಬೆವರುತ್ತಾ ಮತ್ತೆ ಕರೆದ. ಈ ಸಲ ಮನೋಹರನ ಚಿತ್ರದಲ್ಲಿ ಊರಿನ ಹೆಸರು ಪೂರ್ತಿ ಬಂತು. ಅಧ್ಯಕ್ಷರು ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು, ಆಚೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು ಅವನ ಬೆನ್ನು ತಟ್ಟಿದರು. “ಆಯ್ತಪ್ಪಾ. ನಿನ್ ತಂತಿ ಡೇರಿ ಮೇಲೆ ಖಾಯಂ.”

ಗೋವಿಂದರಾಜುವಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹುಳಿ ವಾಸನೆ ಬಂತು. ಕೂಲರ್ ಹಚ್ಚುವುದನ್ನು ಎಲ್ಲರೂ ಮರೆತಿದ್ದರು.

“ಆಫ್ ಮಾಡು ಅಂದಿದ್ದೇ ಇವ್ನು!” ಸುನಿಲ್‌ಕುಮಾರ ಬೆರಳು ತೋರಿಸಿದ.

“ಜಪಾನ್‌ನೋನು ಬಂದು ಕುಡೀತಾನೇನೋ ಈ ಹಾಲ್ನ?” ಪಿಳ್ಳಮ್ಮ ಕ್ಯಾನಿನ ಮುಚ್ಚಳ ಎತ್ತಿಕೊಂಡು ಬಂದಳು. ಒಡೆದ ಹಾಲನ್ನು ಚರಂಡಿಗೆ ಸುರಿಯುವ ಕೆಲಸ ಗೋವಿಂದರಾಜುವಿನ ಪಾಲಿಗೇ ಬಂತು. ಸಹಾಯಕ್ಕೆ ಒಬ್ಬರೂ ನಿಲ್ಲಲಿಲ್ಲ. ಹೋಗಲಿ, ತಂತಿ ಉಳಿಯಿತಲ್ಲ ಅಂದುಕೊಂಡು ಅವನು ಸುರಿದ.

ಸಂಜೆ ಕೆರೆಯಲ್ಲಿ ಕೈಕಾಲು ತೊಳೆದು ಬಂದಾಗ ಡೇರಿಯ ಮುಂಗೋಡೆಯ ಮೇಲೆ ಹೊಸ ಫ್ಲೆಕ್ಸ್ ಎದ್ದಿತ್ತು. ‘ಜಪಾನಿನಲ್ಲೂ ಮೊಳಗಿದ ಗುಂಡಾಪುರ!’ ಕೆಳಗೆ ಕೈಮುಗಿದ ಆದಿನಾರಾಯಣಪ್ಪ, ಎಲ್ಲ ನಿರ್ದೇಶಕರು, ಅವರ ಮಕ್ಕಳು, ಕೂಲಿಂಗ್ ಗ್ಲಾಸ್ ಹಾಕಿದ ಸುನಿಲ್‌ಕುಮಾರ. ಗೋವಿಂದರಾಜು ತನ್ನ ಹೆಸರು ಹುಡುಕಿದ. ಕೊನೆಯ ಸಾಲಿನ ತುದಿಯಲ್ಲಿ ‘ಮತ್ತು ಇತರರು...’ ಅಂತಿತ್ತು.

“ಜಾಗ ಸಾಲ್ಲಿಲ್ಲ ಕಣಪ್ಪಾ. ನಿಂಗ್ ಗೊತ್ತಲ್ಲ,” ಅಂದರು ಅಧ್ಯಕ್ಷರು.

ಅವನು ತಲೆಯಾಡಿಸಿ ತಾರಸಿ ನೋಡಿದ. ಅಲ್ಲಿ ತಂತಿ ಇರಲಿಲ್ಲ. ತುಂಡು ತುಂಡಾಗಿ ಫ್ಲೆಕ್ಸಿನ ನಾಲ್ಕು ಮೂಲೆಯಲ್ಲಿ ಬಿಗಿದು ಕೂತಿತ್ತು.

“ಹಗ್ಗ ಸಿಗ್ಲಿಲ್ಲ. ಒಳ್ಳೇ ತಾಮ್ರ, ಗಾಳಿಗೂ ಜಗ್ಗಲ್ಲ,” ಅಂದರು ಆದಿನಾರಾಯಣಪ್ಪ. “ಡೇರಿ ಮೇಲೆ ಖಾಯಂ ಅಂದಿದ್ದೆ ತಾನೆ? ಮಾತು ತಪ್ಪೋನಲ್ಲಪ್ಪಾ ನಾನು.”