ಬಾಳೆಹಣ್ಣು ನಿರ್ದೋಷಿ ಎಂದು ಸಾರುವ ಬಗ್ಗೆ

ಅಣು ವಿದ್ಯುತ್ ಭಯ ನಿವಾರಣಾ ವಿಭಾಗ (ಕನ್ನಡ ಘಟಕ)
ಸದರ್, ನಾಗಪುರ

ಸಂಖ್ಯೆ: ಅಭನಿ/ಕನ್ನಡ/ಬಾಳೆ/೦೭ (ತಿದ್ದುಪಡಿಯ ತಿದ್ದುಪಡಿ)

ವಿಷಯ: ಭಯ ನಿವಾರಣಾ ಸಭೆಯಿಂದ ಉಂಟಾದ ಭಯವನ್ನು ನಿವಾರಿಸುವ ಕುರಿತು.

ಉಲ್ಲೇಖ: ಶ್ರೀಮತಿ ಅನಸೂಯ ಅವರು ಕಚೇರಿಗೆ ಖುದ್ದು ಬಂದು, ಕುರ್ಚಿ ಕೊಟ್ಟರೂ "ಮೊದಲ ಬರೋಬರ್ ಉತ್ತರ ಕೊಡ್ರಿ, ಆಮ್ಯಾಲೆ ಕೂಡ್ತೇನಿ" ಎಂದು ನಿಂತೇ ನೀಡಿದ ಮೌಖಿಕ ದೂರು.

ಪ್ರತಾಪ ನಗರದ ಕನ್ನಡ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಅನಸೂಯ ಅವರ ಮಗಳು, ಏಳು ತಿಂಗಳ ಬಸುರಿ ಸ್ವಪ್ನಾ, "ಅಣು ಸ್ಥಾವರದಾಗ ಏನಾರ ಕೆಟ್ರ ನನ್ನ ಕೂಸಿಗೆ ಏನಾಗ್ತೈತ್ರಿ?" ಎಂದು ಕೇಳಿದ್ದರು. ಪ್ರಚಾರಾಧಿಕಾರಿ ಶ್ರೀ ಕೃಷ್ಣಪ್ರಸಾದ್ ಅವರು ಉತ್ತರಿಸುವ ಬದಲು, "ಹೆದರಬೇಡಿ, ವಿಕಿರಣ ಬಾಳೆಹಣ್ಣಿನಲ್ಲೂ ಇದೆ" ಎಂದು ನಕ್ಕಿರುತ್ತಾರೆ. ಸಭಿಕರು ಸ್ಥಾವರದ ಭಯವನ್ನು ಹಾಗೇ ಉಳಿಸಿಕೊಂಡು ಬಾಳೆಹಣ್ಣಿನ ಭಯವನ್ನೂ ಮನೆಗೆ ಒಯ್ದಿದ್ದಾರೆ. ಬರುವ ಭಾನುವಾರ ಸ್ವಪ್ನಾ ಅವರ ಕುಬಸ (ಸೀಮಂತ) ಇದ್ದು, ಉಡಿಗೆ ಬಾಳೆಹಣ್ಣು ಹಾಕಲು ಒಬ್ಬ ಮುತ್ತೈದೆಯೂ ಒಪ್ಪುತ್ತಿಲ್ಲ. ಬಾಳೆಹಣ್ಣಿಲ್ಲದ ಉಡಿ ಉಡಿಯೇ ಅಲ್ಲವೆಂದು ಅನಸೂಯ ಅವರು ಕಣ್ಣೀರು ಹಾಕಿದ್ದನ್ನು ಕಚೇರಿ ಗಮನಿಸಿದೆ. ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ:

೧. "ಹೆದರಬೇಡಿ" ಎಂಬ ಪದವನ್ನು ಸಭೆಗೊಂದೇ ಸಲ ಬಳಸತಕ್ಕದ್ದು. ಹೇಳುವಾಗ ಅಧಿಕಾರಿಯು ಬಾಗಿಲ ಹತ್ತಿರ ನಿಂತಿರಬಾರದು.

೨. ವಿಕಿರಣವನ್ನು ತಿನ್ನುವ ವಸ್ತುಗಳಿಗೆ ಹೋಲಿಸಬಾರದು. ಸಂತ್ರಾ (ಕಿತ್ತಳೆ) ಹಣ್ಣಿಗೆ ಹೋಲಿಸಿದವರನ್ನು ಕೂಡಲೇ ಬೇರೆ ಊರಿಗೆ ವರ್ಗಾಯಿಸಲಾಗುವುದು. ನಾಗಪುರದಲ್ಲಿ ಅವರ ರಕ್ಷಣೆ ಇಲಾಖೆಯ ಕೈಯಲ್ಲಿಲ್ಲ.

೩. ತಪ್ಪು ಸರಿಪಡಿಸಲು ಕಳುಹಿಸಲಾದ ಗುಮಾಸ್ತ ಶ್ರೀ ಹರೀಶ್ ಅವರು, "ಬಾಳೆಹಣ್ಣು ಬಿಡಿ, ಅಡುಗೆಕಟ್ಟೆಯ ಗ್ರಾನೈಟಿನಲ್ಲೂ ಇದೆ, ಮನುಷ್ಯನ ಮೈಯಲ್ಲೂ ಇದೆ" ಎಂದ ಕಾರಣ, ಒಂದು ಬೀದಿಯ ಅಡುಗೆ ಬಾಲ್ಕನಿಗೂ, ಅನಸೂಯ ಅವರ ಪತಿ ಗುರುಸಿದ್ದಪ್ಪ ಅವರ ಹಾಸಿಗೆ ಹಾಲ್‌ಗೂ ವರ್ಗವಾಗಿವೆ. ಎರಡನ್ನೂ ರದ್ದುಪಡಿಸಲಾಗಿದೆ. ಗುರುಸಿದ್ದಪ್ಪ ಅವರು ರೈಲ್ವೆ ನೌಕರರಾದರೂ ಈ ವರ್ಗಾವಣೆಗೆ ಭತ್ಯೆ ಕೇಳುವಂತಿಲ್ಲ.

೪. ಶ್ರೀ ಹರೀಶ್ ಅವರು ಇನ್ನು ಮುಂದೆ ಯಾರಿಗೂ ಸಮಾಧಾನ ಹೇಳಬಾರದು.

೫. ಗಾಂಧಿಬಾಗ್‌ನಿಂದ ಕರೆಂಟ್ ಟೆಸ್ಟರ್ ತಂದು ಬಾಳೆಹಣ್ಣಿಗೆ ಚುಚ್ಚಿ ನೋಡುವುದನ್ನು ಸಾರ್ವಜನಿಕರು ನಿಲ್ಲಿಸತಕ್ಕದ್ದು. ದೀಪ ಹೊತ್ತದಿರುವುದು ಯಾವುದಕ್ಕೂ ಪುರಾವೆಯಲ್ಲ. ಹೊತ್ತಿದಲ್ಲಿ ಹಣ್ಣನ್ನಲ್ಲ, ಮನೆಯ ವೈರಿಂಗ್ ಪರೀಕ್ಷಿಸತಕ್ಕದ್ದು.

೬. ಸ್ವಪ್ನಾ ಅವರ ಪ್ರಶ್ನೆ ಇನ್ನೂ ಬಾಕಿ ಇರುವುದರಿಂದ ಉತ್ತರಿಸಲಾಗಿದೆ: ಬಾಳೆಹಣ್ಣಿನಿಂದ ಕೂಸಿಗೆ ಏನೂ ಆಗದು. ಸ್ಥಾವರದ ಅಪಾಯ ಸಣ್ಣದು, ಆದರೆ ಸೊನ್ನೆಯಲ್ಲ. ಕೆಟ್ಟರೆ ಯಾರು ಏನು ಮಾಡುತ್ತಾರೆಂದು ಮೊದಲೇ ತಿಳಿಸುವುದು ನಮ್ಮ ಕೆಲಸ; ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ನಮ್ಮ ಕೆಲಸ. ಇಷ್ಟನ್ನು ಅಂದೇ ಹೇಳದಿದ್ದುದಕ್ಕೆ ಕಾರಣ, ನಿಜ ಹೇಳಲು ಕಚೇರಿಯಲ್ಲಿ ನಿಗದಿತ ನಮೂನೆ ಇರಲಿಲ್ಲ.

೭. ಶ್ರೀ ಕೃಷ್ಣಪ್ರಸಾದ್ ಅವರು ಕುಬಸಕ್ಕೆ ಹಾಜರಾಗಿ ಎಲ್ಲರೆದುರು ಬಾಳೆಹಣ್ಣು ತಿನ್ನತಕ್ಕದ್ದು. ಎರಡಕ್ಕಿಂತ ಹೆಚ್ಚು ತಿಂದಲ್ಲಿ ಅದನ್ನು ಪ್ರಚಾರವೆಂದಲ್ಲ, ಊಟವೆಂದು ಪರಿಗಣಿಸಲಾಗುವುದು.

(ಸಹಿ)
ಬೋಪಣ್ಣ
ಸಮಾಧಾನಾಧಿಕಾರಿ

ಪ್ರತಿಗಳು:
ಶ್ರೀ ಕೃಷ್ಣಪ್ರಸಾದ್ ಅವರಿಗೆ, ಹಸಿದುಕೊಂಡು ಬರಲು.
ಶ್ರೀ ಹರೀಶ್ ಅವರಿಗೆ, ಓದಿ ಸುಮ್ಮನಿರಲು.
ಶ್ರೀ ಗುರುಸಿದ್ದಪ್ಪ ಅವರಿಗೆ, ಹಾಲ್ ವಿಳಾಸಕ್ಕೆ.
ಶ್ರೀಮತಿ ಸ್ವಪ್ನಾ ಅವರಿಗೆ, ಒಂದು ಚಿಪ್ಪು ಬಾಳೆಹಣ್ಣಿನೊಂದಿಗೆ. ಚಿಪ್ಪಿನಲ್ಲಿ ಎರಡು ಹಣ್ಣು ಕಡಿಮೆ ಇವೆ. ಒಂದನ್ನು ಸಹಿ ಮಾಡಿದವರು ಅನಸೂಯ ಅವರ ಎದುರಿಗೇ ತಿಂದರು. ಇನ್ನೊಂದನ್ನು ಅನಸೂಯ ಅವರು ಕುರ್ಚಿಯಲ್ಲಿ ಕೂತು ತಿಂದರು.