ಭಾವನ ಕವಳ, ಟೆನ್ನಿಸ್ ಮಾಣಿಯ ಬೆಳ್ಳಿ

ಈ ಕಥೆಯ ಮೊದಲ ಎಳೆಯನ್ನು ನನಗೆ ಕೊಟ್ಟವರು ಹಿರೇಕೊಡಿಗೆ ಕಡೆಯ ನಮ್ಮ ಪೂಜೆಯ ಭಟ್ಟರು. ಉಳಿದದ್ದನ್ನು ನಾನೇ ಕಂಡೆ. ದೇವರ ದಯೆಯಿಂದ ನಮ್ಮ ಕಡೆ ದೊಡ್ಡ ಗಲಾಟೆಗಳು ಕಡಿಮೆ. ಆದರೆ ಇಂಥ ಸಣ್ಣ ಪ್ರಸಂಗಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ಅದರಲ್ಲೂ ನಮ್ಮ ಭಾವ ಇದ್ದಲ್ಲಿ. ಭಾವ ಅಂದರೆ ನನ್ನ ಅಕ್ಕನ ಗಂಡ. ಕೊಪ್ಪ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾರೆ. ಬಾಯಲ್ಲಿ ಕವಳ, ಅಂದರೆ ಎಲೆ ಅಡಿಕೆ, ಇಲ್ಲದ ಭಾವನನ್ನು ಈ ಪ್ರಸಂಗದವರೆಗೆ ಯಾರೂ ನೋಡಿದ್ದಿಲ್ಲ.

ಮಾತು ಬೇಡದ ಆಟ

ಗಿರಣಿಯ ಗೋಡೆಗೆ ಒಂದು ಟಿವಿ ಇದೆ. ಒಮ್ಮೆ ಡಿಶ್ ರೀಚಾರ್ಜ್ ಮಾಡುವಾಗ ಪ್ಯಾಕ್ ಅದಲುಬದಲಾಗಿ ಕ್ರಿಕೆಟ್ ಚಾನೆಲ್ ಹೋಯಿತು, ಟೆನ್ನಿಸ್ ತೋರಿಸುವ ಚಾನೆಲ್ ಬಂತು. ಅಂಗಡಿಯವನು ಸರಿ ಮಾಡಿಕೊಡಲು ಬಂದರೆ ಭಾವ ಬೇಡ ಅಂದುಬಿಟ್ಟರು.

"ಕ್ರಿಕೆಟಿಗೆ ಕಾಮೆಂಟರಿ ಕೇಳಬೇಕು ಮಾರಾಯ. ಈ ಗಿರಣಿ ಸದ್ದಲ್ಲಿ ಎಂತ ಕೇಳ್ತದೆ? ಇದಾದ್ರೆ ಚೆಂಡು ಅತ್ತ ಹೋಯ್ತು, ಇತ್ತ ಬಂತು. ಅಷ್ಟೇ."

ಅದರಲ್ಲೂ ಗಂಡಸರ ಸಿಂಗಲ್ಸ್ ಅಂದರೆ ಅವರಿಗೆ ಬಹಳ ಪ್ರೀತಿ. ಯಾವುದೋ ದೂರದೇಶದ, ಉದ್ದ ಕೈಕಾಲಿನ ಹುಡುಗನೊಬ್ಬನನ್ನು ಹಚ್ಚಿಕೊಂಡರು. ಆ ಹುಡುಗ ಸೋತರೂ ಬ್ಯಾಟನ್ನು ನೆಲಕ್ಕೆ ಕುಕ್ಕುತ್ತಿರಲಿಲ್ಲ. ಆಯುಧಪೂಜೆಯ ದಿನ ಗಿರಣಿಯ ಮೋಟಾರಿಗೆ ಹಾರ ಹಾಕಿ ಅಡ್ಡಬೀಳುವ ಭಾವನಿಗೆ ಅಷ್ಟೇ ಸಾಕಾಯಿತು. "ದುಡಿಯೋ ಹತ್ಯಾರಿಗೆ ಮರ್ಯಾದೆ ಕೊಡೋ ಮಾಣಿ" ಅಂದರು. ಅಂದಿನಿಂದ ಅವನು ನಮ್ಮ ಮನೆಯ ಮಾಣಿಯೇ, ಮನೆಯ ಹುಡುಗನೇ ಆದ.

ಹಿಟ್ಟು ಮಾಡಿಸಲು ಬಂದವರ ಕುತ್ತಿಗೆಯೂ ಟಿವಿ ನೋಡುತ್ತಾ ಅತ್ತಿತ್ತ ತಿರುಗತೊಡಗಿತು. ಭಂಡಿಗಡಿಯ ಹೆಂಗಸೊಬ್ಬರು ಮಾತ್ರ ಮಾರನೆಯ ದಿನ ಡಬ್ಬ ಹಿಡಿದು ವಾಪಸು ಬಂದರು. "ರೊಟ್ಟಿಗೆ ಅಂತ ಹೇಳಿ ಅಕ್ಕಿ ಕೊಟ್ಟಿದ್ದೆ. ನೀವು ಮುಖಕ್ಕೆ ಹಚ್ಚೋ ಪೌಡರ್ ಮಾಡಿ ಕೊಟ್ಟಿದೀರಿ."

ಭಾವ ಬೇಸರದಿಂದಲೇ ಹೇಳಿದರು: "ಎಂತ ಮಾಡೋದಮ್ಮ, ಟೈಬ್ರೇಕರ್ ನಡೀತಿತ್ತು."

ಗೋತ್ರ ಯಾವುದು?

ಮಾಣಿಗೆ ಗ್ರಹಚಾರವೋ ಏನೋ, ಒಂದು ಟೂರ್ನಿಯನ್ನೂ ಗೆಲ್ಲಲಿಲ್ಲ. ಭಾವ ದೇವಸ್ಥಾನಕ್ಕೆ ಹೋಗಿ ಅವನ ಹೆಸರಿನಲ್ಲಿ ಅರ್ಚನೆಗೆ ಹೇಳಿದರು. ಹೆಸರು ಉಚ್ಚರಿಸುವಾಗ ಭಟ್ಟರ ನಾಲಿಗೆ ಎರಡು ಕಡೆ ಎಡವಿತಂತೆ.

"ನಕ್ಷತ್ರ?"

ಭಾವ ಮೊಬೈಲಿನಲ್ಲಿ ಹುಟ್ಟಿದ ತಾರೀಖು ಹುಡುಕಿ, ಪಂಚಾಂಗ ನೋಡಿಸಿಯೇ ಬಂದಿದ್ದರು. ಹೇಳಿದರು.

"ಗೋತ್ರ?"

ಅದು ಮೊಬೈಲಿನಲ್ಲಿ ಇರಲಿಲ್ಲ. ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದುಂಟು ಅಂದು ಭಟ್ಟರು ಸಂಕಲ್ಪ ಮುಗಿಸಿದರು. ಮಂಗಳಾರತಿಯ ಹೊತ್ತಿಗೆ ಭಾವನಿಗೆ, ಗೆದ್ದವನಿಗೆ ಕೊಡುವ ಬೆಳ್ಳಿ ಕಪ್ಪು ಕಣ್ಣಿಗೆ ಕಟ್ಟಿ, ಭಕ್ತಿ ಉಕ್ಕಿತು. ಬಾಯಲ್ಲಿದ್ದ ಕವಳವನ್ನು ಹೊರಗೆ ಉಗುಳಿ ಬಂದಿದ್ದ ಆ ಶುದ್ಧ ಬಾಯಲ್ಲೇ ಕೈಮುಗಿದು, "ನಮ್ಮ ಮಾಣಿ ಕೈಗೆ ಫೈನಲಿನ ದಿನ ಬೆಳ್ಳಿ ಬರೋವರೆಗೆ ನಾನು ಕವಳ ಮುಟ್ಟೋದಿಲ್ಲ" ಅಂದುಬಿಟ್ಟರು. ದೇವರ ಎದುರು ಆಡಿದ ಮಾತು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಅದೇ ವಾರ ಮಾಣಿ ಕ್ವಾರ್ಟರ್ ಫೈನಲಿನಲ್ಲಿ ಸೋತ. ಭಾವ ಭಟ್ಟರ ಹತ್ತಿರ ಹೋದರು. "ಎಂತ ಭಟ್ರೆ ಇದು, ಅರ್ಚನೆ ಮಾಡಿಸಿಯೂ?"

"ಎದುರು ಆಡಿದವನ ಗೋತ್ರ ಎಂತ?"

"ಅದು ನಂಗೆಂತ ಗೊತ್ತು?"

"ಹಾಗಾದ್ರೆ ಅವನೂ ಕಾಶ್ಯಪನೇ. ಮಾಡಿದ ಅರ್ಚನೆ ಯಾವ ಕಾಶ್ಯಪನಿಗೆ ಮುಟ್ಟಿತು ಅಂತ ನಾನು ಹೇಗೆ ಹೇಳಲಿ ಮಾರಾಯ್ರೆ?"

ಮೂಸಂಬಿ

ನರಸಿಂಹರಾಜಪುರದ ಒಂದು ಮದುವೆಯಲ್ಲಿ ಊಟ ಆದ ಮೇಲೆ ಕವಳದ ಹರಿವಾಣ ಪಂಕ್ತಿಯಲ್ಲಿ ಬಂತು. ಭಾವ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸಿದರು. ಪಂಕ್ತಿಯೇ ತಿರುಗಿ ನೋಡಿತು. ಡಾಕ್ಟರು ಏನೋ ಹೇಳಿರಬೇಕು ಎಂಬ ಮಾತು ಸಂಜೆಯೊಳಗೆ ಶೃಂಗೇರಿ ತಲುಪಿ, ಅಲ್ಲಿಂದ ನೆಮ್ಮಾರಿಗೂ ಹೋಯಿತು. ಎರಡು ದಿನ ಬಿಟ್ಟು ನೆಮ್ಮಾರಿನಿಂದ ಭಾವನ ಚಿಕ್ಕಪ್ಪ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಮೆಲ್ಲಗೆ ಬಂದು ಕೂತರು. ನಾನೂ ಅಲ್ಲೇ ಇದ್ದೆ.

"ಧೈರ್ಯ ತಗೋ. ಈಗ ಎಲ್ಲದಕ್ಕೂ ಔಷಧಿ ಉಂಟು."

"ನಂಗೆಂತ ಆಗಿದೆ ಚಿಕ್ಕಪ್ಪ? ಮೊಣಕಾಲು ನೋವು ಅವನಿಗೆ."

"ಯಾರಿಗೆ?"

"ನಮ್ಮ ಮಾಣಿಗೆ. ಟೆನ್ನಿಸ್ ಆಡ್ತಾನಲ್ಲ, ಅವನಿಗೆ. ಅವನು ಗೆಲ್ಲದೆ ನಂಗೆ ಕವಳ ಇಲ್ಲ."

ಚಿಕ್ಕಪ್ಪ ತಂದಿದ್ದ ಹಣ್ಣಿನ ಚೀಲವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. "ಹಾಗಾದ್ರೆ ಈ ಮೂಸಂಬಿ ನಿಂಗೆ ಅಲ್ಲ."

ಅಕ್ಕನ ಕಷ್ಟ

ನಿಜವಾದ ಕಷ್ಟ ಅಕ್ಕನದು. ಕವಳ ಹೋದ ಮೇಲೆ ಭಾವನ ಬಾಯಿ ಖಾಲಿ. ಖಾಲಿ ಬಾಯಿ ಸುಮ್ಮನೆ ಇರುತ್ತದೆಯೇ? ಸಾರಿಗೆ ಒಗ್ಗರಣೆ ಯಾವಾಗ ಹಾಕಬೇಕು, ದೋಸೆ ಕಾವಲಿ ಎಷ್ಟು ಕಾಯಬೇಕು, ಪೊರಕೆ ಎಲ್ಲಿಡಬೇಕು, ಎಲ್ಲವನ್ನೂ ಹೇಳತೊಡಗಿದರು. ಅಕ್ಕ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಕೂಡಲೇ ಪೇಪರಿನ ಕ್ರೀಡಾಪುಟ ತೆಗೆದು, ಮೂಲೆಯ ಸಣ್ಣ ಅಕ್ಷರದಲ್ಲಿ ಟೆನ್ನಿಸ್ ಫಲಿತಾಂಶ ಹುಡುಕುವ ಹಾಗಾಯಿತು. ಗೆದ್ದಿದ್ದರೆ ಭಾವನಿಗೆ ಎರಡನೇ ಲೋಟ ಕಾಫಿ. ಸೋತಿದ್ದರೆ ಅಕ್ಕ ಹಿತ್ತಲಿಗೆ ನಡೆದುಬಿಡುತ್ತಿದ್ದಳು.

ಒಂದು ದಿನ ನನ್ನ ಹತ್ತಿರ ನಿಟ್ಟುಸಿರು ಬಿಟ್ಟು ಹೇಳಿದಳು: "ಇಷ್ಟು ವರ್ಷ ಇವರು ಕಡಿಮೆ ಮಾತಿನವರು ಅಂದ್ಕೊಂಡಿದ್ದೆ ಕಣೋ. ಬಾಯಿ ತುಂಬಿತ್ತು, ಅಷ್ಟೇ."

ಫೈನಲ್

ಕೊನೆಗೊಮ್ಮೆ ಮಾಣಿ ಫೈನಲಿಗೆ ಬಂದ. ಸೆಮಿಫೈನಲಿನಲ್ಲಿ ಎದುರಿನವನು ಕಾಲು ಉಳುಕಿ ಅರ್ಧಕ್ಕೇ ಬಿಟ್ಟು ಹೋಗಿದ್ದ. "ಪಾಪ, ಅವನ ಕಾಲು ಬೇಗ ಗುಣವಾಗಲಿ. ಆದ್ರೆ ಈ ವಾರ ಬೇಡ" ಅಂತ ಅಕ್ಕ ತುಪ್ಪದ ದೀಪ ಹಚ್ಚಿದಳು.

ಭಾನುವಾರ ಸಂಜೆ ಗಿರಣಿಗೆ ಬೀಗ ಹಾಕಿ ಟಿವಿಯನ್ನು ಮನೆಗೆ ತಂದರು. ಮೊದಲ ಸೆಟ್ ಮಾಣಿಗೆ. ಎರಡನೆಯದು ಎದುರಿನವನಿಗೆ. ಮೂರನೆಯದು ಟೈಬ್ರೇಕರಿಗೆ ಹೋಯಿತು. ಭಾವ ಬರಿಬಾಯಿಯನ್ನೇ ಜಗಿಯುತ್ತಿದ್ದರು. ಕಡೆಯ ಚೆಂಡು ನೆಟ್ಟಿನ ಅಂಚಿಗೆ ತಾಗಿ, ಸ್ವಲ್ಪ ಯೋಚನೆ ಮಾಡಿ, ಮಾಣಿಯ ಕಡೆಗೇ ಬಿತ್ತು. ಸೋತ. ಆಗಲೂ ಬ್ಯಾಟು ಕುಕ್ಕಲಿಲ್ಲ. ಎದುರಿನವನ ಹೆಗಲು ತಟ್ಟಿದ.

ಭಾವ ಟಿವಿ ಆರಿಸಲು ಎದ್ದರು.

"ಇರಿ" ಅಂದಳು ಅಕ್ಕ. ಟಿವಿಯಲ್ಲಿ ಬಹುಮಾನ ಕೊಡುತ್ತಿದ್ದರು. ಗೆದ್ದವನಿಗೆ ಕಪ್ಪು. ಮಾಣಿಗೂ ಏನೋ ಕೊಟ್ಟರು. ಥಳಥಳ ಹೊಳೆಯುವ ಹರಿವಾಣ.

"ಅದು ಎಂತದ್ದು?"

"ಸೋತವನಿಗೆ ಕೊಡೋ ಬೆಳ್ಳಿ ತಟ್ಟೆ" ಅಂದರು ಭಾವ.

ಅಕ್ಕ ಆಗಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದಳು. "ಭಟ್ರೆ, ಇವರು ಅವತ್ತು ದೇವರ ಎದುರು ಎಂತ ಹೇಳಿದ್ದು?"

ಭಟ್ಟರೂ ಅಲ್ಲಿ ಟಿವಿ ಮುಂದೆಯೇ ಇದ್ದರು ಅಂತ ಕಾಣುತ್ತದೆ, ತಡವರಿಸಲಿಲ್ಲ. "ಫೈನಲಿನ ದಿನ ಮಾಣಿ ಕೈಗೆ ಬೆಳ್ಳಿ ಬರೋವರೆಗೆ ಅಂತ."

"ಗೆದ್ದು ಬರಬೇಕು ಅಂದಿದ್ರಾ?"

"ಇಲ್ಲ. ಆಡಿದ ಮಾತಿಗೆ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಹರಕೆ ತೀರಿತು. ನಾಳೆ ಬಂದು ಒಂದು ಹಣ್ಣುಕಾಯಿ ಮಾಡಿಸಿ ಹೋಗಲಿ."

ಭಾವ ಇನ್ನೂ ಅನುಮಾನದಲ್ಲೇ ನಿಂತಿದ್ದರು. ಅಕ್ಕ ಒಳಗೆ ಹೋಗಿ ಕವಳದ ಹರಿವಾಣವನ್ನು ಉಜ್ಜಿ, ಎಲೆ, ಅಡಿಕೆ, ಸುಣ್ಣ ಜೋಡಿಸಿ ತಂದು ಅವರ ಕೈಗೆ ಕೊಟ್ಟಳು. "ಅವನ ತಟ್ಟೆ ಅವನಿಗೆ ಬಂತು. ನಿಮ್ಮದು ನೀವು ಹಿಡೀರಿ."

ಭಾವ ದೇವರ ಕೋಣೆಯತ್ತ ಕೈಮುಗಿದು ಕವಳ ಹಾಕಿದರು. ಬಿಟ್ಟು ಬಹಳ ದಿನವಾಗಿತ್ತಲ್ಲ, ಅಡಿಕೆ ಸೊಕ್ಕಿ ತಲೆ ತಿರುಗಿತು. ಕಿವಿ ಬಿಸಿಯಾಗಿ, ಹಣೆಯಲ್ಲಿ ಬೆವರು ಒಡೆದು, ಎರಡೂ ಕೈಯಲ್ಲಿ ಗೋಡೆ ಹಿಡಿದುಕೊಂಡರು. ಮಾಣಿ ಟಿವಿಯಲ್ಲಿ ತಟ್ಟೆ ಹಿಡಿದು ನಗುತ್ತಿದ್ದ.

ಅಕ್ಕ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಇವರನ್ನು. "ಸೋತವನು ನೆಟ್ಟಗೆ ನಿಂತಿದ್ದಾನೆ. ಕವಳ ಗೆದ್ದ ನಿಮಗೆ ಗೋಡೆ ಬೇಕಾಯ್ತು."

ಇಷ್ಟು ಕೇಳಿದ ಮೇಲೆ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೂ ಹೇಳಿ. ಕೊಪ್ಪಕ್ಕೆ ಬಂದಾಗ ಗಿರಣಿಯಲ್ಲಿ ಭಾವನ ಎದುರೇ ಹೇಳಿದರೂ ಅಡ್ಡಿಯಿಲ್ಲ. ಈಗ ಅವರ ಬಾಯಿ ತುಂಬಿರುತ್ತದೆ, ತಿರುಗಿ ಮಾತಾಡಲಾರರು.